ಮಗನ ಮೊದಲ ವೋಟು ಮೂರನೆಯವರಿಗೆ ಅಂತೆ: ಅಮೆರಿಕದಲ್ಲಿ ಆ ವೋಟಿಗೆ ಬೆಲೆ ಇದೆಯಾ?

ಶಿರಸಿಯವಳು (ಟ್ರಾಯ್, ಮಿಶಿಗನ್)

ಎಲ್ಲರಿಗೂ ನಮಸ್ಕಾರ. 2028ರ ನವೆಂಬರ್ ಹೊತ್ತಿಗೆ ನನ್ನ ಮಗನಿಗೆ 18 ತುಂಬಿರುತ್ತದೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಖಡಾಖಂಡಿತವಾಗಿ ಹೇಳಿಬಿಟ್ಟ. "ಅಮ್ಮ, ನನ್ನ ಮೊದಲ ವೋಟು ಡೆಮಾಕ್ರಟಿಕ್ ಪಕ್ಷಕ್ಕೂ ಇಲ್ಲ, ರಿಪಬ್ಲಿಕನ್ ಪಕ್ಷಕ್ಕೂ ಇಲ್ಲ. ಮೂರನೆಯವರು ಯಾರಿದ್ದರೂ ಅವರಿಗೇ." ಅವನ ಅಪ್ಪ "ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತೆ" ಅಂದರು. ಗಾದೆ ಅವನಿಗೆ ಅರ್ಥವಾಗಲಿಲ್ಲ. ಅಪ್ಪನ ದನಿ ಅರ್ಥವಾಯಿತು. ತಟ್ಟೆ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ನಾನು ಯಾರ ಪರವಾಗಿಯೂ ಮಾತಾಡಲಿಲ್ಲ. ಪೌರತ್ವ ಸಿಕ್ಕಿದ ಮೇಲೆ ನಾನು ಅಧ್ಯಕ್ಷರ ಚುನಾವಣೆಗೆ ವೋಟ್ ಹಾಕಿದ್ದೇ 2024ರಲ್ಲಿ, ಮೊದಲ ಸಲ. ಬ್ಯಾಲೆಟ್ ಅಂಚೆಯಲ್ಲಿ ಮನೆಗೆ ಬಂತು. ಅಡುಗೆಮನೆ ಟೇಬಲ್ ಒರೆಸಿ, ಹಾಳೆ ಬಿಡಿಸಿ, ಕಪ್ಪು ಪೆನ್ನು ಹಿಡಿದು ಕೂತೆ. ಹ್ಯಾರಿಸ್, ಟ್ರಂಪ್ ಹೆಸರಿನ ಕೆಳಗೆ ಇನ್ನೂ ಸುಮಾರು ಹೆಸರುಗಳು. ಲಿಬರ್ಟೇರಿಯನ್ ಪಕ್ಷದವರು, ಗ್ರೀನ್ ಪಕ್ಷದವರು, ಪಕ್ಷವೇ ಇಲ್ಲದವರು. ರಾಬರ್ಟ್ ಕೆನಡಿ ಜೂನಿಯರ್ ಹೆಸರೂ ಇತ್ತು. ಅವರು ಆಗಸ್ಟ್‌ನಲ್ಲೇ ಹಿಂದೆ ಸರಿದು ಟ್ರಂಪ್‌ಗೆ ಬೆಂಬಲ ಕೊಟ್ಟಾಗಿತ್ತು. ಹೆಸರು ತೆಗೆಸಬೇಕು ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋದರು, ಆಗಲಿಲ್ಲ. ಪಕ್ಷದ ಹೆಸರು 'ನ್ಯಾಚುರಲ್ ಲಾ ಪಾರ್ಟಿ' ಅಂತ ಇತ್ತು. ಏನಿದು ಅಂತ ಹುಡುಕಿದರೆ, ಮಹರ್ಷಿ ಮಹೇಶ ಯೋಗಿಗಳ ಅನುಯಾಯಿಗಳು 1992ರಲ್ಲಿ ಅಯೋವಾದಲ್ಲಿ ಕಟ್ಟಿದ ಪಕ್ಷವಂತೆ. ಅದರ ಹೆಸರಲ್ಲಿ ಒಬ್ಬ ಕೆನಡಿ!

ಈ ಹೆಸರುಗಳೆಲ್ಲ ಯಾಕೆ ಇಲ್ಲಿವೆ? ಇವರಂಥ ಒಬ್ಬರು ಯಾವತ್ತಾದರೂ ಗೆಲ್ಲಬಹುದಾ? ಮಗನಿಗೆ ಹೇಳೋಕೆ ಸರಿಯಾದ ಉತ್ತರ ಬೇಕು. ಅವನ ಉತ್ಸಾಹ ಮುರಿಯೋದು ಬೇಡ, ಸುಳ್ಳು ಭರವಸೆಯೂ ಬೇಡ. ತಿಳಿದವರು ಹೇಳಿ.

ಧಾರವಾಡದ ಅಣ್ಣ (ಡಲ್ಲಾಸ್, ಟೆಕ್ಸಾಸ್)

ತಂಗಿ, ನಾನು ಈ ದೇಶಕ್ಕೆ ಬಂದದ್ದು 1992ರ ಬೇಸಿಗೆಯಲ್ಲಿ, ಸೀದಾ ಡಲ್ಲಾಸ್‌ಗೆ. ಆಗ ಇಲ್ಲಿ ಎಲ್ಲರ ಬಾಯಲ್ಲೂ ರಾಸ್ ಪೆರೋ. ಇದೇ ಊರಲ್ಲಿ ಕಂಪ್ಯೂಟರ್ ಕಂಪನಿ ಕಟ್ಟಿ ಕೋಟ್ಯಧಿಪತಿ ಆದ ಮನುಷ್ಯ. ಫೆಬ್ರವರಿಯಲ್ಲಿ ಲ್ಯಾರಿ ಕಿಂಗ್ ಅವರ ಟಿವಿ ಕಾರ್ಯಕ್ರಮದಲ್ಲಿ, ಜನ 50 ರಾಜ್ಯಗಳಲ್ಲೂ ನನ್ನ ಹೆಸರು ಬ್ಯಾಲೆಟ್‌ಗೆ ಹತ್ತಿಸಿದರೆ ನಿಲ್ಲುತ್ತೇನೆ ಅಂದರು. ಜನ ಹತ್ತಿಸಿಯೇ ಬಿಟ್ಟರು. ಜೂನ್‌ನ ಗ್ಯಾಲಪ್ ಸಮೀಕ್ಷೆಯಲ್ಲಿ ಪೆರೋಗೆ ಶೇ. 39, ಅಧ್ಯಕ್ಷ ಬುಷ್‌ಗೆ ಶೇ. 31, ಕ್ಲಿಂಟನ್‌ಗೆ ಶೇ. 25.

ಜುಲೈನಲ್ಲಿ ಇದ್ದಕ್ಕಿದ್ದ ಹಾಗೆ ಕಣದಿಂದ ಹೊರಗೆ ಹೋದರು. ಅಕ್ಟೋಬರ್ 1ಕ್ಕೆ ಮತ್ತೆ ಬಂದರು. ಆ ಎರಡೂವರೆ ತಿಂಗಳಲ್ಲಿ ಕಳೆದುಕೊಂಡದ್ದು ವಾಪಸ್ ಸಿಗಲಿಲ್ಲ. ಆದರೂ ಏನು ಪ್ರಚಾರ ಅಂತೀರಿ! ಅರ್ಧ ಗಂಟೆ ಟಿವಿ ಸಮಯವನ್ನೇ ದುಡ್ಡು ಕೊಟ್ಟು ಕೊಂಡರು. ಹಾಡಿಲ್ಲ, ಬಾವುಟ ಇಲ್ಲ. ಮೇಜಿನ ಮುಂದೆ ಕೂತು, ಕೈಯಲ್ಲಿ ಕಡ್ಡಿ ಹಿಡಿದು, ರಟ್ಟಿನ ಚಾರ್ಟ್ ಒಂದೊಂದಾಗಿ ತೋರಿಸುತ್ತ ದೇಶದ ಸಾಲದ ಲೆಕ್ಕ ಹೇಳೋದು. ನಾವು ನಾಲ್ಕು ಜನ ರೂಮ್‌ಮೇಟ್‌ಗಳು ಅನ್ನ ಸಾರು ತಟ್ಟೆಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತು ನೋಡುತ್ತಿದ್ದೆವು. ವೋಟಿನ ಹಕ್ಕು ಒಬ್ಬರಿಗೂ ಇರಲಿಲ್ಲ. ಆದರೂ ಎದ್ದು ಹೋಗುತ್ತಿರಲಿಲ್ಲ. ನಮ್ಮೂರ ಗಣಿತದ ಮೇಷ್ಟ್ರ ಪಾಠ ಕೇಳಿದ ಹಾಗಿತ್ತು.

ಫಲಿತಾಂಶ ಏನಾಯ್ತು? 1 ಕೋಟಿ 97 ಲಕ್ಷ ವೋಟು. ಶೇ. 18.9. ಮೇನ್‌ನಲ್ಲಿ ಬುಷ್‌ಗಿಂತ ಮುಂದೆ, ಯೂಟಾದಲ್ಲಿ ಕ್ಲಿಂಟನ್‌ಗಿಂತ ಮುಂದೆ, ಎರಡೂ ಕಡೆ ಎರಡನೇ ಜಾಗ. ಆದರೆ ಅಧ್ಯಕ್ಷರನ್ನು ನಿಜವಾಗಿ ಆರಿಸೋದು ಒಂದೊಂದು ರಾಜ್ಯಕ್ಕೂ ಇಷ್ಟಿಷ್ಟು ಅಂತ ಹಂಚಿರುವ ಎಲೆಕ್ಟೋರಲ್ ವೋಟು. ಅದು ಮಾತ್ರ ಸೊನ್ನೆ. ಒಂದೂ ಇಲ್ಲ. ಆ ಸೊನ್ನೆ ನೋಡಿ ನನಗೆ ಆದ ಬೇಜಾರು ಇವತ್ತಿಗೂ ನೆನಪಿದೆ.

ಮೈಸೂರು ಮೇಷ್ಟ್ರು

ಅಣ್ಣ ಹೇಳಿದ ಆ ಸೊನ್ನೆಯಲ್ಲೇ ಎಲ್ಲ ಇದೆ. 30 ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು, ಸ್ವಲ್ಪ ಬಿಡಿಸಿ ಹೇಳುತ್ತೇನಮ್ಮ.

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಒಂದಲ್ಲ. 50 ರಾಜ್ಯ ಮತ್ತು ವಾಷಿಂಗ್ಟನ್ ಡಿ.ಸಿ. ಸೇರಿ 51 ಚುನಾವಣೆ. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದ ಕಡೆಯೆಲ್ಲ, ಒಂದೇ ಒಂದು ವೋಟು ಮುಂದಿದ್ದವರಿಗೂ ಆ ರಾಜ್ಯದ ಎಲೆಕ್ಟೋರಲ್ ವೋಟು ಪೂರ್ತಿ. ಎರಡನೆಯವರಿಗೇ ಏನೂ ಇಲ್ಲ ಅಂದಮೇಲೆ ಮೂರನೆಯವರ ಮಾತೆಲ್ಲಿ? ಪೆರೋ ಬೆಂಬಲ ದೇಶದ ತುಂಬ ಸಮನಾಗಿ, ತೆಳ್ಳಗೆ ಹರಡಿತ್ತು. ದೋಸೆ ಹಿಟ್ಟನ್ನು ಕಾವಲಿ ತುಂಬ ಎಳೆದ ಹಾಗೆ. ಎಲ್ಲೂ ದಪ್ಪ ಇರಲಿಲ್ಲ.

1948 ನೋಡಿ. ಆ ವರ್ಷ ಇಬ್ಬರು ಹೊರಗಿನವರು ನಿಂತರು. ಸ್ಟ್ರಾಮ್ ಥರ್ಮಂಡ್‌ಗೆ ಶೇ. 2.4, ಹೆನ್ರಿ ವ್ಯಾಲೇಸ್‌ಗೂ ಶೇ. 2.4. ಥರ್ಮಂಡ್ ವೋಟೆಲ್ಲ ದಕ್ಷಿಣದ ಕೆಲವೇ ರಾಜ್ಯಗಳಲ್ಲಿ ಗುಡ್ಡೆ ಬಿದ್ದಿತ್ತು. ಅವರಿಗೆ 39 ಎಲೆಕ್ಟೋರಲ್ ವೋಟು ಬಂತು. ವ್ಯಾಲೇಸ್‌ಗೆ ಸೊನ್ನೆ. 1968ರಲ್ಲಿ ಜಾರ್ಜ್ ವ್ಯಾಲೇಸ್ ಶೇ. 13.5 ಪಡೆದು 46 ಎಲೆಕ್ಟೋರಲ್ ವೋಟು ಗೆದ್ದದ್ದೂ ಹೀಗೇ. ಅಲಬಾಮ, ಮಿಸಿಸಿಪಿ ಕಡೆಯ ಐದು ರಾಜ್ಯ. ಅವರ ರಾಜಕೀಯ ಕಪ್ಪು ಜನರನ್ನು ದೂರ ಇಡುವ ರಾಜಕೀಯ, ನನಗೆ ಅದರ ಬಗ್ಗೆ ಮರ್ಯಾದೆ ಇಲ್ಲ. ಲೆಕ್ಕ ಮಾತ್ರ ಹೇಳಿದೆ.

ನಮ್ಮಲ್ಲೂ ಹೆಚ್ಚು ವೋಟು ಪಡೆದವರೇ ಗೆಲ್ಲೋದು ಅಲ್ವಾ, ಹಾಗಿದ್ದೂ ಇಲ್ಲಿ ಮೂರನೇ ಪಕ್ಷ ಹೇಗೆ ಬದುಕಿದೆ ಅಂತ ಕೇಳಬಹುದು. 2018ರ ಕರ್ನಾಟಕ ನೆನಪಿಸಿಕೊಳ್ಳಿ. ಜೆಡಿಎಸ್‌ಗೆ ಬಂದದ್ದು ಸುಮಾರು ಶೇ. 18, ಹೆಚ್ಚುಕಮ್ಮಿ ಪೆರೋ ಪಡೆದಷ್ಟೇ. ಆದರೆ ಆ ವೋಟು ಮಂಡ್ಯ, ಹಾಸನದ ಕಡೆ ಗಟ್ಟಿಯಾಗಿ ಕೂತಿತ್ತು. 37 ಸೀಟು ಬಂತು, ಯಾರಿಗೂ ಬಹುಮತ ಇರಲಿಲ್ಲ, ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಶಾಸನಸಭೆಯಲ್ಲಿ ಕೂತು ಮಾತಾಡಿ ಸರ್ಕಾರ ಮಾಡುವ ದಾರಿ ನಮ್ಮಲ್ಲಿದೆ. ಅಲ್ಲಿ ಅಧ್ಯಕ್ಷ ಹುದ್ದೆ ಒಂದೇ. ಅದನ್ನು ಪಾಲು ಮಾಡೋಕೆ ಆಗಲ್ಲ.

ಇನ್ನೂ ಒಂದು ಗೋಡೆ ಇದೆ. ಮೂರನೆಯವರು ನಾಲ್ಕಾರು ರಾಜ್ಯ ಗೆದ್ದು, ಗೆಲ್ಲೋಕೆ ಬೇಕಾದ 270 ಎಲೆಕ್ಟೋರಲ್ ವೋಟು ಯಾರಿಗೂ ಬರದ ಹಾಗೆ ಮಾಡಿದರು ಅಂತಿಟ್ಟುಕೊಳ್ಳಿ. ಆಗ ಸಂವಿಧಾನದ 12ನೇ ತಿದ್ದುಪಡಿ ಪ್ರಕಾರ ವಿಷಯ ನಮ್ಮ ಲೋಕಸಭೆಯಂಥ ಪ್ರತಿನಿಧಿ ಸಭೆಗೆ ಹೋಗುತ್ತದೆ. ಅಲ್ಲಿ ರಾಜ್ಯಕ್ಕೊಂದೇ ವೋಟು. 52 ಸದಸ್ಯರ ಕ್ಯಾಲಿಫೋರ್ನಿಯಕ್ಕೂ ಒಂದು, ಒಬ್ಬನೇ ಸದಸ್ಯನ ವಯೋಮಿಂಗ್‌ಗೂ ಒಂದು. ಗೆಲ್ಲೋಕೆ 26 ಬೇಕು. ಸಭೆ ತುಂಬ ಆ ಎರಡು ಪಕ್ಷದವರೇ. 1824ರಲ್ಲಿ ಹೀಗಾದಾಗ, ಜಾಸ್ತಿ ವೋಟು ಪಡೆದಿದ್ದ ಆಂಡ್ರ್ಯೂ ಜಾಕ್ಸನ್ ಅವರನ್ನು ಬಿಟ್ಟು ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನು ಆರಿಸಿದರು.

ಹಾಗಾಗಿ ಈಗಿನ ನಿಯಮದಲ್ಲಿ ಗೆಲುವು ಸಾಧ್ಯವಾ ಅಂದರೆ, ಇಲ್ಲ ಅಂತಲೇ ನನ್ನ ಉತ್ತರ. ಜನ ಒಪ್ಪದೆ ಇರೋದು ಕಾರಣ ಅಲ್ಲ. ಎಣಿಸುವ ರೀತಿ ಕಾರಣ.

ದಾವಣಗೆರೆಯವ (ಮಿಲ್ವಾಕಿ, ವಿಸ್ಕಾನ್ಸಿನ್)

ನಾನು ನೇರವಾಗಿ ಹೇಳ್ತೀನಿ ಅಕ್ಕ. 2016ರಲ್ಲಿ ಇಲ್ಲಿ ಟ್ರಂಪ್ ಗೆದ್ದದ್ದು 22,748 ವೋಟಿನಿಂದ. ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ ಬಂದದ್ದು 31,072. ಆ 31,072ರಲ್ಲಿ ಒಂದು ನನ್ನದು.

ಹಿಲರಿ ಹೇಗೂ ಗೆಲ್ಲುತ್ತಾರೆ, ನನ್ನ ಮನಸ್ಸಿಗೆ ಸರಿ ಅನಿಸಿದವರಿಗೆ ಹಾಕೋಣ ಅಂದುಕೊಂಡಿದ್ದೆ. ರಾತ್ರಿ ಹನ್ನೊಂದರ ಮೇಲೆ ಟಿವಿಯಲ್ಲಿ ನಮ್ಮ ರಾಜ್ಯದ ಲೆಕ್ಕ ನೋಡುತ್ತ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ನಿಮ್ಮ ಮಿಶಿಗನ್‌ನಲ್ಲಂತೂ ಅಂತರ 10,704, ಸ್ಟೈನ್‌ಗೆ 51 ಸಾವಿರದ ಮೇಲೆ. 2000ದಲ್ಲಿ ಫ್ಲೋರಿಡಾದಲ್ಲಿ ಬುಷ್ (1992ರ ಬುಷ್ ಅವರ ಮಗ) ಗೆದ್ದದ್ದು 537 ವೋಟಿನಿಂದ, ಗ್ರೀನ್ ಪಕ್ಷದ ರಾಲ್ಫ್ ನೇಡರ್ ತೆಗೆದುಕೊಂಡದ್ದು 97,488.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರೆ ನಮ್ಮಲ್ಲಿ. ಇಲ್ಲಿ ಉಲ್ಟಾ. ಮೂರನೆಯವರು ಬಂದರೆ ಇಬ್ಬರಲ್ಲಿ ಒಬ್ಬರಿಗೆ ಲಾಭ, ಅದೂ ಸಾಮಾನ್ಯವಾಗಿ ನಮಗೆ ಜಾಸ್ತಿ ದೂರ ಇರುವವರಿಗೆ. ಮಿಶಿಗನ್‌ನಂಥ ರಾಜ್ಯದಲ್ಲಿದ್ದುಕೊಂಡು ಮಗ ಹಾಗೆ ಮಾಡೋದು ಬೇಡ ಅಂತ ನಾನು ಹೇಳ್ತೀನಿ.

ಕೋಲಾರದ ಹುಡುಗಿ (ಫ್ರೀಮಾಂಟ್, ಕ್ಯಾಲಿಫೋರ್ನಿಯ)

ದಾವಣಗೆರೆ ಅಣ್ಣ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಭಾರವನ್ನೆಲ್ಲ ನೀವು ಒಬ್ಬರೇ ಹೊರಬೇಡಿ. ವೋಟು ಯಾವ ಪಕ್ಷದ ಆಸ್ತಿಯೂ ಅಲ್ಲ. ಸ್ಟೈನ್ ಇಲ್ಲದಿದ್ದರೆ ಆ 31 ಸಾವಿರವೂ ಹಿಲರಿಗೇ ಹೋಗುತ್ತಿತ್ತು ಅನ್ನೋದು ಬರೀ ಊಹೆ. ಎಷ್ಟೋ ಜನ ಮನೆಯಲ್ಲೇ ಕೂರುತ್ತಿದ್ದರು. ಅದೇ ಚುನಾವಣೆಯಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್‌ಗೆ ದೇಶದಲ್ಲಿ ಸುಮಾರು 45 ಲಕ್ಷ ವೋಟು ಬಂದಿತ್ತು, ಅದರ ಲೆಕ್ಕ ಯಾರೂ ಕೇಳಲ್ಲ. ಪೆರೋ ಬುಷ್‌ರನ್ನು ಸೋಲಿಸಿದರು ಅಂತ ಇವತ್ತಿಗೂ ಹೇಳುತ್ತಾರೆ. ಆದರೆ ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದಾಗ, ಪೆರೋ ಇಲ್ಲದಿದ್ದರೆ ಬುಷ್‌ಗೆ ಅಂದವರು ಶೇ. 38, ಕ್ಲಿಂಟನ್‌ಗೆ ಅಂದವರೂ ಶೇ. 38. 2000ದ ಫ್ಲೋರಿಡಾದಲ್ಲೂ ಫಲಿತಾಂಶ ತಿರುಗಿಸೋಕೆ ಪಾಮ್ ಬೀಚ್ ಕೌಂಟಿಯ ಗೊಂದಲದ ಬ್ಯಾಲೆಟ್ ಒಂದೇ ಸಾಕಾಗಿತ್ತು. ಅಲ್ಲಿ ಡೆಮಾಕ್ರಟಿಕ್ ಪಕ್ಷದ ಗೋರ್ ಅಂದುಕೊಂಡು ಪ್ಯಾಟ್ ಬುಕ್ಯಾನನ್‌ಗೆ ತೂತು ಹೊಡೆದವರು ಎಷ್ಟೋ ಜನ.

ಇನ್ನು ನನ್ನ ರಾಜ್ಯದ ಮಾತು. 2024ರಲ್ಲಿ ಇಲ್ಲಿ ಅಂತರ 30 ಲಕ್ಷಕ್ಕೂ ಜಾಸ್ತಿ. ನಾನು ಯಾರಿಗೆ ಹಾಕಿದರೂ 54 ಎಲೆಕ್ಟೋರಲ್ ವೋಟು ಹೋಗೋ ಕಡೆಗೇ ಹೋಗುತ್ತಿತ್ತು. ನಾನು ಗ್ರೀನ್ ಪಕ್ಷಕ್ಕೆ ಹಾಕಿದೆ, ಒಂದಿಷ್ಟೂ ಅಳುಕಿಲ್ಲ. ಯಾಕೆ ಗೊತ್ತಾ? ದೇಶದಲ್ಲಿ ಶೇ. 5 ದಾಟಿದ ಪಕ್ಷಕ್ಕೆ ಮುಂದಿನ ಚುನಾವಣೆಗೆ ಸರ್ಕಾರದಿಂದ ಹಣ ಸಿಗುತ್ತದೆ. ಪೆರೋಗೆ 1996ರಲ್ಲಿ ಸುಮಾರು 2.9 ಕೋಟಿ ಡಾಲರ್ ಸಿಕ್ಕಿತ್ತು, ಹಿಂದಿನ ಸಲದ ವೋಟಿನ ಬಲದಿಂದ. ನೇಡರ್ 2000ದಲ್ಲಿ ಇದೇ ಗುರಿ ಇಟ್ಟುಕೊಂಡು ಶೇ. 2.7ಕ್ಕೆ ನಿಂತರು.

ಅಕ್ಕ, ನಿಮ್ಮ ಮಗ ಕಾಲೇಜಿಗೆ ಬೇರೆ ರಾಜ್ಯಕ್ಕೆ ಹೋದರೆ, ಎಲ್ಲಿ ನೋಂದಾಯಿಸಿಕೊಳ್ಳುತ್ತಾನೆ ಅನ್ನೋದರ ಮೇಲೂ ಉತ್ತರ ಬದಲಾಗುತ್ತದೆ. ಇದನ್ನು ಅವನಿಗೆ ಹೇಳಿ.

ದಾವಣಗೆರೆಯವ (ಮಿಲ್ವಾಕಿ, ವಿಸ್ಕಾನ್ಸಿನ್)

ಥ್ಯಾಂಕ್ಸ್ ತಂಗಿ. ರಾಜ್ಯ ನೋಡಿ ಹಾಕಬೇಕು ಅನ್ನೋದು ಒಪ್ಪುತ್ತೇನೆ. ನಾನು ಮಾಡಿದ ತಪ್ಪು ಸ್ಟೈನ್‌ಗೆ ಹಾಕಿದ್ದಲ್ಲ. ನನ್ನ ರಾಜ್ಯದಲ್ಲಿ ಜಿದ್ದಾಜಿದ್ದಿ ಇದೆ ಅಂತ ಲೆಕ್ಕ ಹಾಕದೆ ಇದ್ದದ್ದು.

ಧಾರವಾಡದ ಅಣ್ಣ (ಡಲ್ಲಾಸ್, ಟೆಕ್ಸಾಸ್)

ಇನ್ನೊಂದು ಬಿಟ್ಟೆ. ಬ್ಯಾಲೆಟ್ ಮೇಲೆ ಹೆಸರು ಬರೋದೇ ಹರಸಾಹಸ. ನಮ್ಮ ಟೆಕ್ಸಾಸ್‌ನಲ್ಲಿ 2024ಕ್ಕೆ ಪಕ್ಷೇತರರಿಗೆ 1,13,151 ಸಹಿ ಬೇಕಿತ್ತು. ಸಹಿ ಹಾಕುವವರು ಆ ವರ್ಷ ಪ್ರೈಮರಿಯಲ್ಲಿ, ಅಂದರೆ ಪಕ್ಷಗಳು ತಮ್ಮ ಅಭ್ಯರ್ಥಿ ಆರಿಸುವ ಚುನಾವಣೆಯಲ್ಲಿ, ವೋಟ್ ಹಾಕಿರಬಾರದು. ಪ್ರೈಮರಿ ಮಾರ್ಚ್‌ನಲ್ಲಿ, ಸಹಿ ಕೊಡೋ ಗಡುವು ಮೇ ತಿಂಗಳಲ್ಲಿ. ಕ್ಯಾಲಿಫೋರ್ನಿಯದಲ್ಲಿ 2,19,403. ಹೀಗೆ ಒಂದೊಂದು ರಾಜ್ಯಕ್ಕೂ ಬೇರೆ ನಿಯಮ, ಬೇರೆ ವಕೀಲರು. 2024ರಲ್ಲಿ ನ್ಯೂಯಾರ್ಕ್‌ನಲ್ಲಿ ಕೆನಡಿ ಕೊಟ್ಟ ಮನೆ ವಿಳಾಸ ನಿಜವಲ್ಲ ಅಂತ ನ್ಯಾಯಾಧೀಶರು ಹೆಸರನ್ನೇ ತೆಗೆಸಿದರು. 'ನೋ ಲೇಬಲ್ಸ್' ಅನ್ನೋ ಸಂಘಟನೆ ಹಣವೂ ಇಟ್ಟುಕೊಂಡು, ಹಲವು ರಾಜ್ಯಗಳಲ್ಲಿ ಬ್ಯಾಲೆಟ್ ಜಾಗವೂ ಗಿಟ್ಟಿಸಿಕೊಂಡು, ನಿಲ್ಲೋಕೆ ಒಪ್ಪುವ ದೊಡ್ಡ ಮುಖ ಸಿಗದೆ ಏಪ್ರಿಲ್‌ನಲ್ಲಿ ಕೈಬಿಟ್ಟಿತು.

ಆಮೇಲೆ ಚರ್ಚೆಯ ವೇದಿಕೆ. ಪೆರೋ 1992ರಲ್ಲಿ ಮೂರೂ ಟಿವಿ ಚರ್ಚೆಯಲ್ಲಿ ಇದ್ದರು. ಅದಕ್ಕೇ ಅವರಿಗೆ ಅಷ್ಟು ವೋಟು ಬಂತು ಅಂತ ನನ್ನ ನಂಬಿಕೆ. 1996ರಲ್ಲಿ ಕರೆಯಲಿಲ್ಲ, ಶೇ. 8.4ಕ್ಕೆ ಇಳಿದರು. 2000ದಿಂದ ಸಮೀಕ್ಷೆಗಳಲ್ಲಿ ಶೇ. 15 ಇದ್ದರೆ ಮಾತ್ರ ಪ್ರವೇಶ. ಚರ್ಚೆಗೆ ಹೋಗದೆ ಶೇ. 15 ಬರಲ್ಲ, ಶೇ. 15 ಇಲ್ಲದೆ ಚರ್ಚೆಗೆ ಬಿಡಲ್ಲ. ಮದುವೆಯಾಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆಯಾಗಲ್ಲ ಅಂತಾರಲ್ಲ ನಮ್ಮ ಕಡೆ, ಹಾಗಾಯಿತು.

ಕುಂದಾಪುರದ ಕಡಲು (ಪೋರ್ಟ್‌ಲ್ಯಾಂಡ್, ಮೇನ್)

ನಮ್ಮ ಮೇನ್ ಹೆಸರು ಎರಡು ಸಲ ಬಂತು, ಹಾಗಾಗಿ ಬರೆಯುತ್ತಿದ್ದೇನೆ. ಮೇಷ್ಟ್ರು ಹೇಳಿದ ಎಣಿಸುವ ರೀತಿಯನ್ನೇ ಬದಲಿಸಿದ ರಾಜ್ಯ ನಮ್ಮದು.

ಕಾರಣ ಹೀಗೆ. 2010ರಲ್ಲಿ ಗವರ್ನರ್ ಚುನಾವಣೆ. ರಿಪಬ್ಲಿಕನ್ ಪಕ್ಷದ ಪಾಲ್ ಲಪಾಜ್ ಬರೀ ಶೇ. 37.6 ಪಡೆದು ಗೆದ್ದರು. ಪಕ್ಷೇತರ ಎಲಿಯಟ್ ಕಟ್ಲರ್‌ಗೆ ಶೇ. 35.9, ಡೆಮಾಕ್ರಟಿಕ್ ಅಭ್ಯರ್ಥಿಗೆ ಶೇ. 19ರ ಹತ್ತಿರ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬೇಡವಾದವರು ಕುರ್ಚಿಯಲ್ಲಿ. ಇದು ಜನರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. 2016ರಲ್ಲಿ ಜನಮತ ಹಾಕಿ ರ್‍ಯಾಂಕ್ಡ್ ಚಾಯ್ಸ್ ಪದ್ಧತಿ ತಂದರು.

ಬ್ಯಾಲೆಟ್ ಹೇಗಿರುತ್ತೆ ಹೇಳ್ತೇನೆ. ಎಡಗಡೆ ಮೇಲಿಂದ ಕೆಳಗೆ ಹೆಸರುಗಳು. ಮೇಲೆ ಅಡ್ಡಕ್ಕೆ ಮೊದಲ ಆಯ್ಕೆ, ಎರಡನೇ ಆಯ್ಕೆ, ಮೂರನೇ ಆಯ್ಕೆ. ಮಗ್ಗಿ ಪುಸ್ತಕದ ಕೋಷ್ಟಕದ ಹಾಗೆ. ಒಂದೊಂದು ಅಂಕಣದಲ್ಲಿ ಒಂದೊಂದು ವೃತ್ತಕ್ಕೆ ಮಸಿ ತುಂಬಬೇಕು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ, ಕೊನೆಯವರನ್ನು ತೆಗೆದು ಅವರ ವೋಟುಗಳನ್ನು ಎರಡನೇ ಆಯ್ಕೆಗೆ ಸೇರಿಸುತ್ತಾರೆ. 2018ರಲ್ಲಿ ಪ್ರತಿನಿಧಿ ಸಭೆಗೆ ಇಲ್ಲಿನ ಎರಡನೇ ಕ್ಷೇತ್ರದಲ್ಲಿ ಮೊದಲ ಎಣಿಕೆಗೆ ರಿಪಬ್ಲಿಕನ್ ಪಕ್ಷದ ಬ್ರೂಸ್ ಪೊಲಿಕ್ವಿನ್ ಎರಡು ಸಾವಿರ ಚಿಲ್ಲರೆ ವೋಟು ಮುಂದಿದ್ದರು. ಇಬ್ಬರು ಪಕ್ಷೇತರರ ವೋಟು ಹಂಚಿದ ಮೇಲೆ ಡೆಮಾಕ್ರಟಿಕ್ ಪಕ್ಷದ ಜ್ಯಾರೆಡ್ ಗೋಲ್ಡನ್ ಗೆದ್ದರು. 2020ರಿಂದ ಅಧ್ಯಕ್ಷರ ಚುನಾವಣೆಗೂ ಇದೇ. ಅಲಾಸ್ಕದಲ್ಲೂ ಇದೆ.

ಬೇಸರದ ಸಂಗತಿಯೂ ಹೇಳಬೇಕು. ಯಾವ ಗವರ್ನರ್ ಚುನಾವಣೆಯಿಂದ ಇದು ಶುರುವಾಯಿತೋ, ಅದಕ್ಕೇ ಇದು ಅನ್ವಯ ಆಗಲ್ಲ. ಪ್ರೈಮರಿಗೆ ಮಾತ್ರ ಉಂಟು, ನವೆಂಬರ್ ಚುನಾವಣೆಗೆ ರಾಜ್ಯದ ಸಂವಿಧಾನ ಅಡ್ಡ ಬಂತು. 2024ರಲ್ಲಿ ಕೊಲೊರಾಡೊ, ಐಡಾಹೊ, ನೆವಾಡ, ಆರಿಗನ್ ಜನ ಈ ಪದ್ಧತಿ ಬೇಡ ಅಂದರು. ಇದರಿಂದ ಮೂರನೆಯವರು ಅಧ್ಯಕ್ಷರಾಗುತ್ತಾರೆ ಅಂತಲೂ ನಾನು ಹೇಳಲ್ಲ. ಆದರೆ ದಾವಣಗೆರೆಯವರಿಗೆ ಆ ರಾತ್ರಿ ಆದ ಸಂಕಟ ಇಲ್ಲಿನವರಿಗೆ ಆಗಲ್ಲ. ಮೊದಲ ಆಯ್ಕೆ ಮನಸ್ಸಿನವರಿಗೆ, ಎರಡನೆಯದು ಗೆಲ್ಲಬಲ್ಲವರಿಗೆ.

ಮತ್ತೆ, ನಮ್ಮ ಸೆನೆಟರ್ ಆಂಗಸ್ ಕಿಂಗ್ ಪಕ್ಷೇತರರು. ಮೊದಲು ಎಂಟು ವರ್ಷ ಗವರ್ನರ್, 2013ರಿಂದ ಸೆನೆಟ್‌ನಲ್ಲಿ. ಸಣ್ಣ ರಾಜ್ಯದಲ್ಲಿ ಮುಖ ನೋಡಿ ವೋಟು ಹಾಕ್ತಾರೆ.

ಮೈಸೂರು ಮೇಷ್ಟ್ರು

ಕುಂದಾಪುರದವರು ಚೆನ್ನಾಗಿ ಹೇಳಿದರು. ನಾನು ಎರಡು ಮಾತು ಸೇರಿಸುತ್ತೇನೆ.

ಗೆಲ್ಲದೆಯೂ ಕೆಲಸ ಆಗುತ್ತದೆ. 1892ರಲ್ಲಿ ರೈತರ ಪಾಪ್ಯುಲಿಸ್ಟ್ ಪಕ್ಷ ಶೇ. 8.5 ಪಡೆಯಿತು. ಅವರು ಕೇಳಿದ್ದು ಆದಾಯಕ್ಕೆ ತಕ್ಕ ತೆರಿಗೆ, ಸೆನೆಟರ್‌ಗಳ ನೇರ ಆಯ್ಕೆ. ಪಕ್ಷ ಹೋಯಿತು. 1913ರಲ್ಲಿ 16 ಮತ್ತು 17ನೇ ತಿದ್ದುಪಡಿ ಬಂದವು, ಆದಾಯ ತೆರಿಗೆಗೆ ದಾರಿಯಾಯಿತು, ನೇರ ಆಯ್ಕೆಯೂ ಬಂತು. 1912ರಲ್ಲಿ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸ್ವಂತ ಪಕ್ಷ ಕಟ್ಟಿ ಶೇ. 27 ವೋಟು, 88 ಎಲೆಕ್ಟೋರಲ್ ವೋಟು ತಂದರು. ಕುರ್ಚಿಯಲ್ಲಿದ್ದ ಅಧ್ಯಕ್ಷ ಟಾಫ್ಟ್‌ಗೆ ಬರೀ 8. ಇಬ್ಬರ ನಡುವೆ ವಿಲ್ಸನ್ ಗೆದ್ದರು. ರೂಸ್‌ವೆಲ್ಟ್ ಪಕ್ಷ ಆಗಲೇ ಹೆಂಗಸರ ಮತದಾನದ ಹಕ್ಕು ಕೇಳಿತ್ತು. ಪೆರೋ ಹಿಡಿದ ಚಾರ್ಟ್‌ನ ವಿಷಯವನ್ನು ಆಮೇಲೆ ಎರಡೂ ಪಕ್ಷ ಎತ್ತಿಕೊಂಡವು.

ಹೊರಗಿನವರು ಈಗ ಬೇರೆ ಬಾಗಿಲು ಕಂಡುಕೊಂಡಿದ್ದಾರೆ. ಟ್ರಂಪ್ 2000ದಲ್ಲಿ ಪೆರೋ ಕಟ್ಟಿದ ರಿಫಾರ್ಮ್ ಪಕ್ಷದಿಂದ ನಿಲ್ಲಲು ಹೊರಟು, ಕೆಲವು ತಿಂಗಳಲ್ಲಿ ಬಿಟ್ಟರು. 2016ರಲ್ಲಿ ರಿಪಬ್ಲಿಕನ್ ಪ್ರೈಮರಿಯೊಳಗೆ ಹೋಗಿ ಪಕ್ಷವನ್ನೇ ತಮ್ಮದು ಮಾಡಿಕೊಂಡರು. ಬರ್ನಿ ಸ್ಯಾಂಡರ್ಸ್ ಸೆನೆಟ್‌ನಲ್ಲಿ ಪಕ್ಷೇತರರು, ಆದರೆ ಅಧ್ಯಕ್ಷತೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲೇ ಸ್ಪರ್ಧಿಸಿದರು. 2025ರ ಜುಲೈನಲ್ಲಿ ಇಲಾನ್ ಮಸ್ಕ್ 'ಅಮೆರಿಕ ಪಾರ್ಟಿ' ಅಂತ ಘೋಷಿಸಿದಾಗ ನನ್ನ ಹಳೇ ವಿದ್ಯಾರ್ಥಿಗಳು ಫೋನ್ ಮಾಡಿ ಕೇಳಿದರು. ದುಡ್ಡಿನಿಂದ ಸಹಿ ಸಿಗಬಹುದು, 51 ಚುನಾವಣೆ ಸಿಗಲ್ಲ ಅಂದೆ.

ಒಂದೇ ಒಂದು ಸಲ ಹೊಸ ಪಕ್ಷ ಹಳೆಯದರ ಜಾಗಕ್ಕೆ ಬಂದು ಗಟ್ಟಿಯಾಗಿ ನಿಂತಿದೆ, ರಿಪಬ್ಲಿಕನ್ ಪಕ್ಷ. ಗುಲಾಮಗಿರಿಯ ಪ್ರಶ್ನೆಯಲ್ಲಿ ವಿಗ್ ಪಕ್ಷ ಒಡೆದು ಚೂರಾದಾಗ 1854ರಲ್ಲಿ ಹುಟ್ಟಿತು. ಆರು ವರ್ಷದಲ್ಲಿ ಲಿಂಕನ್ ಅಧ್ಯಕ್ಷರು. ಅದರ ಮೊದಲ ರಾಜ್ಯ ಸಮಾವೇಶ ನಡೆದದ್ದು ನಿಮ್ಮ ಮಿಶಿಗನ್‌ನಲ್ಲೇ ಅಮ್ಮ, ಜಾಕ್ಸನ್ ಅನ್ನೋ ಊರಲ್ಲಿ, 1854ರ ಜುಲೈ 6ಕ್ಕೆ. ಸಭಾಂಗಣ ಸಾಲದೆ ಓಕ್ ಮರಗಳ ಕೆಳಗೆ ಸೇರಿದ್ದರು. ಮಗನನ್ನು ಕರೆದುಕೊಂಡು ಹೋಗಿ ತೋರಿಸಿ.

ಶಿರಸಿಯವಳು (ಟ್ರಾಯ್, ಮಿಶಿಗನ್)

ಎಲ್ಲರಿಗೂ ಮನಸಾರೆ ಧನ್ಯವಾದ. ಮಗನಿಗೆ ಕನ್ನಡ ಮಾತು ಬರುತ್ತದೆ, ಓದೋಕೆ ಬರಲ್ಲ. ಎರಡು ರಾತ್ರಿ ಕೂತು ಇದೆಲ್ಲ ಓದಿ ಹೇಳಿದೆ. ದಾವಣಗೆರೆ ತಮ್ಮ ಬರೆದದ್ದನ್ನು ಇನ್ನೊಂದು ಸಲ ಓದು ಅಂದ.

ಭಾನುವಾರ ಜಾಕ್ಸನ್‌ಗೆ ಹೋಗಿ ಬಂದೆವು. ಒಂದೂವರೆ ಗಂಟೆ ದಾರಿ. ಮನೆಗಳ ನಡುವೆ ಚಿಕ್ಕ ಜಾಗ, ಒಂದು ಬಂಡೆಗೆ ಫಲಕ ಹಾಕಿದ್ದಾರೆ. ಆ ಫಲಕವನ್ನು 1910ರಲ್ಲಿ ಬಂದು ಅನಾವರಣ ಮಾಡಿದ್ದು ಅಧ್ಯಕ್ಷ ಟಾಫ್ಟ್. "ಅಮ್ಮ, ಎಂಟು ಬಂದಿದ್ದು ಇವರಿಗೇ ಅಲ್ವಾ?" ಅಂದ ಮಗ. ಮತ್ತೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

ವಾಪಸ್ ಬರುವಾಗ ಕಾರಿನಲ್ಲಿ ಅವನೇ ಅಪ್ಪನನ್ನು ಹುಣಸೆಹಣ್ಣಿನ ಗಾದೆಯ ಅರ್ಥ ಕೇಳಿದ. ಅವರು ಬಿಡಿಸಿ ಹೇಳಿದರು. "ಹೊಳೆ ಎಷ್ಟು ದೊಡ್ಡದು ಅನ್ನೋದರ ಮೇಲೆ ಅಲ್ವಾ ಅದು?" ಅಂದ. ಆಮೇಲೆ ಮನೆ ಬರುವವರೆಗೂ ಇಬ್ಬರೂ ಮಾತಾಡುತ್ತಲೇ ಇದ್ದರು. ನಮ್ಮ ಪಕ್ಕದ ರಾಯಲ್ ಓಕ್‌ನಲ್ಲಿ 2023ರಲ್ಲೇ ಜನ ರ್‍ಯಾಂಕ್ಡ್ ಚಾಯ್ಸ್ ಬೇಕು ಅಂತ ವೋಟ್ ಹಾಕಿದ್ದಾರಂತೆ. ರಾಜ್ಯದ ಕಾನೂನು ಬಿಡದೆ ಅದು ಹಾಗೇ ನಿಂತಿದೆ. ಅದನ್ನು ಯಾರು ಬದಲಾಯಿಸಬೇಕು, ನಮ್ಮ ಶಾಸಕರು ಯಾರು ಅಂತ ಅಪ್ಪ ಮಗ ಈಗ ಹುಡುಕುತ್ತಿದ್ದಾರೆ.

ಕುಂದಾಪುರದವರೇ, ನಿಮ್ಮ ಕಡೆಯ ಮಾದರಿ ಬ್ಯಾಲೆಟ್ ಒಂದಿದ್ದರೆ ದಯವಿಟ್ಟು ಇಲ್ಲಿ ಹಾಕಿ. ಅವನು ಕಣ್ಣಾರೆ ನೋಡಬೇಕಂತೆ.